ಒಳಗಿನ ಹೊಲಿಗಿ

ಬ್ಯಾಡಗಿಯಿಂದ ಬಂತು ಗಾಡಿ.
ಇಂಡಿ ಪಂಪಿನ ಹಂತೇಕ ನನ್ನ ಅಂಗಡಿ,
ಲಾರಿ, ಟಂಟಂ, ಟೆಂಪೋ, ಯಾವುದ ಬಂದ್ರೂ
ಮೊದಲ ಕಿವಿಗೆ ಬರತೈತಿ, ಆಮ್ಯಾಲೆ ಕಣ್ಣಿಗೆ.
ಇದು ಮಾತ್ರ ತಲಿ ಎತ್ತಿ ನೋಡೂದ್ರಾಗ
ಬೆಕ್ಕಿನಂಗ ಬಾಗಲದಾಗ ನಿಂತಿತ್ತು.

ಡ್ರೈವರ್ ಫಕೀರಪ್ಪ ಇಳದು ಬಾಗಲಾ ಹಾಕಿದ.
ಧಡ್ ಅನ್ನಲಿಲ್ಲ.
ಹಸಿ ಮಣ್ಣಿನ ಮ್ಯಾಲೆ ಹಣ್ಣ ಬಿದ್ದಂಗ ಒಂದ ಸಪ್ಪಳ,
ಅಷ್ಟ.
‘ಜಪಾನದ್ದರೀ’ ಅಂದ, ತಾನ ಹಡದಂಗ.

ಹಿಂದಿನ ಸೀಟು ಇಲಿ ಕಡದಿತ್ತು.
ಮೆಣಸಿನಕಾಯಿ ಗೋದಾಮಿನ ಇಲಿ,
ಖಾರ ತಿಂದು ತಿಂದು ಬ್ಯಾಸತ್ತು
ಚರ್ಮದ ರುಚಿ ನೋಡಿತ್ತು.
ದಲಾಲಿ ಮಾರುದ್ರಪ್ಪ ಫೋನಿನ್ಯಾಗ ಹೇಳಿದ:
‘ಹೊಲದದ್ದು ಕಾಣಬಾರದು ನೋಡ, ಮಕ್ತುಮಸಾಬ.’

ಮೂರು ತಲಿಯಿಂದ ನಾವು
ಮಂದಿ ಕುಂಡಿಗೆ ಮೆತ್ತಗ ಮಾಡಿಕೊಟ್ಟವರು.
ಅಜ್ಜ ಬಿಲ್ಲು ಹೊತ್ತು ಓಣಿ ಓಣಿ ಅರಳಿ ಹಿಂಜಿದ.
ಅಪ್ಪ ಟಾಕೀಜಿನ ಖುರ್ಚಿಗೆ ತೆಂಗಿನ ನಾರು ತುಂಬಿದ.
ನಂದು ರೆಕ್ಸಿನ್ನು, ಸ್ಪಂಜು,
ಅಂಬಾಸಡರ್ ಗಾಡಿ ಹರದ ಹೊಟ್ಟಿ.

ಚರ್ಮ ಬಿಚ್ಚಿದೆ. ಸಂದಿಯಿಂದ
ಮೆಣಸಿನ ಬೀಜ ಉದರಿದ್ವು, ಆರು ಸೀನು ಬಂದ್ವು.
ಕಣ್ಣೊರಸಿ ನೋಡತೇನಿ:
ಯಾರ ಕಣ್ಣೂ ಹೋಗದ ಜಾಗಾದಾಗ
ಹೊರಗಿನಷ್ಟ ಚಂದ ಹೊಲಿಗಿ.
ಅಂಗುಲಕ್ಕ ಎಂಟು ಟಾಕಿ.
ಇನ್ನೊಂದ ಮಗ್ಗಲ ಎಣಿಸಿದೆ. ಎಂಟು.
ಒಳಗ ನಾವು ಹೆಂಗರೆ ಎಳದು ಗಂಟ ಬಿಗಿಯೂದ,
‘ದೇವರು ಬಗ್ಗಿ ನೋಡತಾನೇನು?’ ಅಂತ ಅಪ್ಪ ನಗತಿದ್ದ.
ಇಲ್ಲಿ ಯಾವನೋ ಬಗ್ಗಿ ನೋಡ್ಯಾನ.

ಚಹಾ ಕುಡಕೋತ ಫಕೀರಪ್ಪ
ಮಾಲಕನ ಬಾಯಿಂದ ಕೇಳಿದ್ದು ಹೇಳಿದ,
ಖರೇನೋ ಸುಳ್ಳೋ:
ಮಣ್ಣಿನ ಗಾಡಿ ಮಾಡಿ ಮಾಡಿ ಒಡದರಂತ ವರ್ಷಗಟ್ಟಲೆ.
ಒಬ್ಬಾಂವಂದು ಬಾಗಲಾ ಹಾಕೂದ ಕೆಲಸಂತ.
ಮುಂಜಾನಿಂದ ಸಂಜೀತನಕ
ಹಾಕೂದು, ಕಿವಿಗೊಟ್ಟು ಕೇಳೂದು,
‘ಇದಲ್ಲ’ ಅನ್ನೂದು.
ಅದಕ್ಕ ಪಗಾರ ಬ್ಯಾರೆ.
ಅಂಥಾವಂಗ ನಮ್ಮ ಓಣ್ಯಾಗ ಲಿಂಬಿಹಣ್ಣ ಇಳಿಸಿ
ಅಮಾಸಿಗೆ ಕರಕೊಂಡ ಹೋಗತಿದ್ರು.

ಬಣ್ಣದ ದಾರ ದುರ್ಗದ ಬೈಲದಾಗೂ ಸಿಗಲಿಲ್ಲ.
ಬಿಳಿ ದಾರ ಚಹಾದ ಡಿಕಾಕ್ಷನ್ನಿನ್ಯಾಗ ಅದ್ದಿದೆ,
ಒಣಗಿಸಿದೆ, ಮತ್ತ ಅದ್ದಿದೆ.
ಹೊಸಾ ತೂತು ಒಂದೂ ಮಾಡಲಿಲ್ಲ.
ಅವರ ತೂತಿನ್ಯಾಗ ನನ್ನ ಸೂಜಿ,
ಅವರು ಬಿಟ್ಟಲ್ಲಿಂದ ನನ್ನ ಕೈ,
ಎರಡು ದಿನ.
ಹೆಂಡತಿ ರಾತ್ರಿ ಕೇಳಿದಳು, ‘ಯಾಕ ಸುಮ್ಮಕ ಅದೀರಿ?’
ಎಂಟು, ಅಂದೆ.

ಉಣಕಲ್ಲತನಕ ಒಂದ ಸುತ್ತು ಹೊಡಿಸಿದ ಫಕೀರಪ್ಪ.
ನನ್ನ ಹೊಲಿಗಿ ಮ್ಯಾಲೆ ನಾನ ಕುಂತೆ.
ತಗ್ಗು ಬಂತು, ಹೋತು, ಬೆನ್ನಿಗೆ ಸುದ್ದಿ ಮುಟ್ಟಲಿಲ್ಲ.
ಗಾಜಿನಾಚೆ ಬಾಳಿಹಣ್ಣಿನ ಹುಡುಗ ಬಾಯಿ ತಗಿತಾನ,
ದನಿ ಇಲ್ಲ.
ಬಸ್ಸು ಮೈಮ್ಯಾಲೆ ಬಂದಂಗ ಬರತೈತಿ,
ಹಾರ್ನಿಲ್ಲ.
ಸುಖ ಅಂದ್ರ ಸುಖ,
ಆದ್ರ ಮಯ್ಯತ್ತಿನ ಹೊತ್ತು ಬಿಳಿ ಅರಿವಿಯೊಳಗ
ಊರು ಹಿಂಗ ಕಾಣತಿರಬೇಕು ಅನಸ್ತು.
‘ತಮ್ಮಾ, ಗಾಜ ಇಳಸು’ ಅಂದೆ.
ಪೋಂ ಪೋಂ, ಧೂಳ, ಬಯ್ಗಳ,
ಹುಬ್ಬಳ್ಳಿ ಒಳಗ ಬಂದು ಬಾಜೂಕ ಕುಂತಿತು.

ಐತವಾರ ಮಾರುದ್ರಪ್ಪ ಬಂದ.
ಸೀಟಿನ ಮ್ಯಾಲೆ ಕೈಯಾಡಿಸಿದ, ಬಗ್ಗಿದ,
ಚಾಳೀಸ ಏರಿಸಿದ, ಮತ್ತ ಕೈಯಾಡಿಸಿದ.
‘ಎಲ್ಲಿ ಮಾಡಿ? ಏನೂ ಕಾಣವಲ್ದು.’
ಅಂದು, ಹೇಳಿದ್ರಾಗ ಐನೂರು ಮುರಕೊಂಡು ಕೊಟ್ಟ.
ತೋರಸ್ಬೇಕು ಅಂತ ಬೆರಳು ಹ್ವಾದದ್ದು
ಹಿಂದಕ ಬಂತು.

ಗಾಡಿ ಹೋತು. ಹ್ವಾದದ್ದೂ ಕೇಳಲಿಲ್ಲ.
ಸಂಜಿಗೆ ಅಂಗಡಿ ಶಟರ್ ಎಳದೆ,
ಕಿರ್ರ್ ಅಂತು.
ಮ್ಯಾಲೆತ್ತಿ, ಎಣ್ಣಿ ಬಿಟ್ಟು ಎಳದೆ. ಕಿರ್ ಅಂತು.
ಮೂರನೇ ಸಲ, ಮಗೂನ ಮಲಗಿಸಿದಂಗ ಎಳದೆ,
ಕಿವಿಗೊಟ್ಟು ಕೇಳಿದೆ.
ಎದುರಿನ ಪಂಚರ್ ಅಂಗಡಿ ಹುಡುಗ ಕೂಗಿದ:
‘ಚಾಚಾ, ಕೀಲಿ ಕೆಟ್ಟೈತೇನು?’
ಇದಲ್ಲ, ಅಂದೆ,
ಮತ್ತ ಮ್ಯಾಲೆತ್ತಿದೆ.