ಇಪ್ಪತ್ತೆಂಟು

ಐದೂವರೆಗೆ ಡೇರಿಯ ಬಾಗಿಲು ತೆಗೆಯುತ್ತೇನೆ.
ಮೊದಲು ಹಣೆಗೆ, ಎದೆಗೆ, ಎರಡು ಭುಜಕ್ಕೆ ಶಿಲುಬೆಯ ಗುರುತು,
ಆಮೇಲೆ ಲೈಟು.
ಗೋಡೆಯಲ್ಲಿ ಯಾರೋ ತೂಗುಹಾಕಿದ ಲಕ್ಷ್ಮಿ,
ಪಕ್ಕದಲ್ಲಿ ಹಾಸನದ ಒಕ್ಕೂಟದ ಕ್ಯಾಲೆಂಡರು,
ಮೇಜಿನ ಮೇಲೆ ಆ ಗಾಜಿನ ಕಡ್ಡಿ:
ಹೊಟ್ಟೆಯಲ್ಲಿ ಸೀಸದ ಗುಂಡು, ಕತ್ತಿನಲ್ಲಿ ಅಂಕಿ.

ಹಾಲಿಗೆ ಇಳಿಬಿಟ್ಟರೆ ಒಮ್ಮೆ ಮುಳುಗಿ, ಎದ್ದು,
ಎರಡು ಸಲ ತಲೆಯಾಡಿಸಿ ನಿಲ್ಲುತ್ತದೆ.
ಇಪ್ಪತ್ತೆಂಟು ಅಂದರೆ ಹಾಲು.
ಇಪ್ಪತ್ತೈದು ಅಂದರೆ ಹಾಲೂ ನೀರೂ.
ಅದಕ್ಕೆ ನೆಂಟರಿಲ್ಲ, ಜಾತಿಯಿಲ್ಲ,
ಯಾರ ಮನೆ ಮದುವೆಗೆ ಯಾರನ್ನು ಕರೆದಿಲ್ಲ ಅನ್ನುವುದೂ ಗೊತ್ತಿಲ್ಲ.
ಊರವರು ಬೆನ್ನ ಹಿಂದೆ ನನ್ನನ್ನು ಕರೆಯುವುದು
ನೀರ್ ಕ್ಲಾರಮ್ಮ ಎಂದು.
ನನಗೆ ಒಳಗೊಳಗೇ ಹೆಮ್ಮೆ. ಅದೂ ಒಂದು ಪಾಪವೆಂದು
ಆಗ ಹೊಳೆದಿರಲಿಲ್ಲ.

ಹೋದ ಗುರುವಾರ ನಮ್ಮದೇ ಕ್ಯಾನು.
ಹಸು ಎರಡು ದಿನದಿಂದ ಮೇವು ಮೂಸಿರಲಿಲ್ಲ.
ಕತ್ತಲಲ್ಲಿ ಅತ್ತೆ, ಒಂದು ಕೈಲಿ ಜಪಸರ, ಇನ್ನೊಂದರಲ್ಲಿ ಚೊಂಬು,
ಮೂರನೆಯ ಮಣಿಗೂ ನಾಲ್ಕನೆಯ ಮಣಿಗೂ ನಡುವೆ
ಪಾತ್ರೆ ತೊಳೆದ ನೀರನ್ನು ಕ್ಯಾನಿಗೆ ಬಗ್ಗಿಸಿದರು.
"ಹಾಲಿನ ಪಾತ್ರೆ ತೊಳೆದದ್ದು ಕಣೇ, ಅದೂ ಹಾಲೇಯ."
ನೋಡಿದೆ.
ನೋಡಲಿಲ್ಲವೆಂಬಂತೆ ಸೆರಗು ಸರಿಮಾಡಿಕೊಂಡೆ.

ಕಡ್ಡಿ ಇಪ್ಪತ್ತೈದಕ್ಕೆ ನಿಂತಿತು.
ಪೆನ್ನು ಇಪ್ಪತ್ತೆಂಟು ಬರೆಯಿತು.
ಪೆನ್ನು ಅಂದೆನೇ? ನೋಡಿ,
ಈಗಲೂ ಹಾಗೇ ಹೇಳುತ್ತಿದ್ದೇನೆ.

ಹಿಂದೆಯೇ ದ್ಯಾವೀರಮ್ಮ, ಸೆರಗಿನಡಿ ಒಂದೂವರೆ ಲೀಟರು.
ಇಪ್ಪತ್ತೈದೂವರೆ.
"ಮಗೀಗೆ ಜ್ವರ ಕಣವ್ವಾ. ಅದಕ್ಕೊಂದು ಲೋಟ ತಗದೆ,
ಅಷ್ಟು ನೀರು ಬಿಟ್ಟೆ, ಸುಳ್ಳು ಯಾಕೆ ಹೇಳ್ಲಿ."
"ರೂಲ್ಸು" ಅಂದೆ, ಸೀಲು ಹೊಡೆಯುವ ದನಿಯಲ್ಲಿ.
ಜಗಲಿ ಇಳಿಯುವಾಗ ಅವಳ ಹಾಲು ಒಂದು ಹನಿ ತುಳುಕಲಿಲ್ಲ.
ಅಷ್ಟು ಜೋಪಾನವಾಗಿ ಹಿಡಿದಿದ್ದಳು.

ಭಾನುವಾರ ಬಾಯಿಗೆ ಕಾಫಿಯೂ ಹಾಕದೆ
ಮೊದಲ ಬಸ್ಸಿಗೆ ಹಾಸನ, ಚರ್ಚಿನಲ್ಲಿ ನಾಲ್ಕನೆಯ ಬೆಂಚು.
ಬಿಳಿ ಸೀರೆ, ಇಸ್ತ್ರಿ ಮಡಿಕೆ ಮುರಿಯದಂತೆ ಮೊಣಕಾಲೂರಿದ್ದೆ.
ಫಾದರ್ ಪಾತ್ರೆಗೆ ದ್ರಾಕ್ಷಾರಸ ಸುರಿದು
ಅದಕ್ಕೆ ಒಂದೇ ಒಂದು ಹನಿ ನೀರು ಬಿಟ್ಟರು.

ನಲವತ್ತು ವರ್ಷದಿಂದ ಕಂಡದ್ದೇ.
ಅವತ್ತು ಮಾತ್ರ ಡೇರಿಯ ಕಣ್ಣು ನನ್ನ ಜೊತೆ ಬಂದುಬಿಟ್ಟಿತ್ತು.
ಅಲ್ಲೂ ನೀರು! ಅಲ್ಲಿ ಕಡ್ಡಿ ಇಳಿಬಿಡುವವರಿಲ್ಲ.
ಆದರೆ ಆ ನೀರು ಬಿದ್ದದ್ದು ದೀಪದ ಬೆಳಕಲ್ಲಿ,
ಎಲ್ಲರ ಎದುರಿಗೆ.
ನೀರು ನೀರೇ ಎಂದು ಒಪ್ಪಿಕೊಂಡು.

ಪ್ರಸಾದಕ್ಕೆ ಸಾಲು ಎದ್ದಿತು. ನಾನು ಕೂತೇ ಇದ್ದೆ.
ಜೋಸ್ಫಿನ್ ಟೀಚರು ಮೊಣಕೈಯಲ್ಲಿ ತಿವಿದರು.
ನಾನು ಬಸ್ಸಿಳಿಯುವ ಮೊದಲೇ
ಸುದ್ದಿ ಅತ್ತೆಯನ್ನು ತಲುಪಿತ್ತು.

ಸೋಮವಾರ ಪುಸ್ತಕ ತೆಗೆದು
ಗುರುವಾರದ ಇಪ್ಪತ್ತೆಂಟಕ್ಕೆ ಗೀಟು ಹೊಡೆದು
ಪಕ್ಕದಲ್ಲಿ ಇಪ್ಪತ್ತೈದು, ಕೆಳಗೆ ಸಹಿ.
"ಇಂಥದ್ದಕ್ಕೆ ಕಾಲಮ್ಮೇ ಇಲ್ವಲ್ಲಮ್ಮಾ"
ಅಂತ ಕಾರ್ಯದರ್ಶಿ ಕನ್ನಡಕ ಒರೆಸಿಕೊಂಡರು.
ಐವತ್ತೆರಡು ರೂಪಾಯಿ ಮುಷ್ಟಿಯಲ್ಲಿ ಹಿಡಿದು
ದ್ಯಾವೀರಮ್ಮನ ಹಟ್ಟಿ ಬಾಗಿಲಿಗೆ ಹೋದೆ.
ಅವಳು ದುಡ್ಡು ಇಸ್ಕೊಂಡಳು,
ಮಾತು ಇಸ್ಕೊಳ್ಳಲಿಲ್ಲ.
ಒಳಗೆ ಮಗು ತಟ್ಟೆ ಬಡಿಯುತ್ತಿತ್ತು.

ಒಬ್ಬರ ಹಾಲಿಂದ ತೆಗೆದ ಕಡ್ಡಿಯನ್ನು
ತೊಳೆದೇ ಇನ್ನೊಬ್ಬರ ಹಾಲಿಗೆ ಬಿಡಬೇಕು.
ತರಬೇತಿಯ ಮೊದಲ ದಿನದ ಮಾತು ಅದು,
ದಿನಕ್ಕೆ ಎಂಬತ್ತು ಸಲ ತೊಳೆಯುತ್ತೇನೆ.
ನನ್ನನ್ನು ಶನಿವಾರಕ್ಕೊಂದು ಸಲ,
ಪಾಪನಿವೇದನೆಯ ಜಾಲರಿಯ ಮುಂದೆ,
ಅದೂ ಬಸ್ಸು ಸಿಕ್ಕರೆ.

ಇವತ್ತು ಅತ್ತೆ ಇನ್ನೂ ಮಾತಾಡಿಲ್ಲ.
ಕ್ಯಾನನ್ನು ಮೇಜಿನ ಮೇಲೆ ಕುಕ್ಕಿ ಹೋದರು.
ಕಡ್ಡಿ ಮುಳುಗಿ, ಎದ್ದು, ತಲೆಯಾಡಿಸಿ ನಿಂತಿತು:
ಇಪ್ಪತ್ತಾರು ಮುಕ್ಕಾಲು.

ಹಾಗೇ ಬರೆದೆ.