ಇಳಿತದ ಗುರುವಾರ

ಕಾಸ್ತ್ರೊ ಆಸ್ಪತ್ರೆ, ಹೊರರೋಗಿ ವಿಭಾಗ,
ಮೂರನೆಯ ಕಿಟಕಿ. ಗಾಜಿನಾಚೆ ನಾನು.
ಹನ್ನೊಂದು ವರ್ಷದಿಂದ ಹೆಸರು ಕೂಗುತ್ತಿದ್ದೇನೆ,
ಒಂದೊಂದನ್ನು ಮೂರು ಸಲ.
ಮೂರಕ್ಕೂ ಯಾರೂ ಏಳದಿದ್ದರೆ
ಹೆಸರಿನ ಮುಂದೆ ಒಂದು ಮೊಹರು:
ಬರಲಿಲ್ಲ.
ಮೊಹರಿಗೆ ಬೇರೆ ಮಾತು ಬರುವುದಿಲ್ಲ.

ಒಟಿಲಿಯಾ ಮಿಯಲೊಂಕೊ, ಬಲಗಣ್ಣಿಗೆ ಪೊರೆ,
ಹದಿನಾಲ್ಕು ತಿಂಗಳು ಸರದಿಯಲ್ಲಿದ್ದವಳು,
ಎರಡು ಸಲ ಬರಲಿಲ್ಲ.
ಎಲಿಯೆಸೆರ್ ಚಿಗುವಾಯ್, ಸಕ್ಕರೆ ಕಾಯಿಲೆ, ಕಾಲಿನ ಹುಣ್ಣು,
ನಾಲ್ಕು ಸಲ.
ಸಾಂತಿಯಾಗೊದಿಂದ ತಿಂಗಳಿಗೊಮ್ಮೆ ಹಾರಿ ಬರುವ ಕಣ್ಣಿನ ಡಾಕ್ಟರು
ಖಾಲಿ ಕುರ್ಚಿಯೆದುರು ಪೆನ್ನು ತಿರುಗಿಸುತ್ತ
‘ಈ ಜನಕ್ಕೆ ತಮ್ಮ ಕಣ್ಣೇ ಬೇಡವಲ್ಲ’ ಅಂದರು.
ನಾನು ಹೂಂ ಅಂದೆ.
ಅಂದದ್ದು ಹೌದು, ಸುಳ್ಳು ಯಾಕೆ.

ಆಮೇಲೆ ಮೇಲಿನವರ ಆಜ್ಞೆ: ಎಲ್ಲರಿಗೂ ಫೋನು ಮಾಡಿ, ಕಾರಣ ಬರೆದುಕೊಳ್ಳಿ.
ಕಾರಣಕ್ಕೆ ಕೊಟ್ಟ ಜಾಗ, ಒಂದು ಬೆರಳಿನಗಲ.

‘ಗಾಳಿ, ತಾಯಿ. ಬಂದರು ಮುಚ್ಚಿದ್ದರು. ಈಜಿ ಬರಲೆ?’
‘ಕಾಗದ ಸಿಕ್ಕಿದ್ದು ತಾರೀಖು ಕಳೆದು ಒಂಬತ್ತು ದಿನಕ್ಕೆ.’
‘ಸಾಲ್ಮನ್ ಕಾರ್ಖಾನೆ. ಒಂದು ಪಾಳಿ ತಪ್ಪಿದರೆ ತಿಂಗಳ ಬೋನಸ್ಸು ಖೋತಾ.’
‘ಅಪ್ಪ ಮೇ ತಿಂಗಳಲ್ಲೇ ತೀರಿಕೊಂಡರು.
ನೀವು ಮಾತ್ರ ಇನ್ನೂ ಕರೆಯುತ್ತಲೇ ಇದ್ದೀರಿ.’
ಇದಕ್ಕೆ ಏನು ಬರೆಯಲಿ? ಬೆರಳಿನಗಲದಲ್ಲಿ
ಒಂದು ಗೆರೆ ಎಳೆದೆ.

ಎಲಿಯೆಸೆರ್ ತಾನೇ ಎತ್ತಿಕೊಂಡ.
‘ಬಂದಿದ್ದೆ. ನಾಲ್ಕು ಸಲವೂ. ಬಾಗಿಲ ತನಕ.
ಒಳಗೆ ಹೋದ ಕಾಲು ಹೊರಗೆ ಬರುವುದಿಲ್ಲ
ಅಂತ ದೋಣಿಯಲ್ಲಿ ಯಾರೋ ಅಂದರು.
ಸಂತೆಗೆ ಹೋಗಿ ಬೆಳ್ಳುಳ್ಳಿ ಮಾರಿ
ಸಂಜೆಯ ದೋಣಿಗೆ ವಾಪಸಾದೆ.’
ಒಂದು ಗಳಿಗೆ ಬಿಟ್ಟು:
‘ಒಳ್ಳೆಯ ಬೆಲೆ ಬಂತು.’

ಒಟಿಲಿಯಾ ನಕ್ಕಳು. ನಗುವಿನ ಹಿಂದೆ ಕೋಳಿಗಳ ಸದ್ದು.
‘ಗುರುವಾರ ಹತ್ತೂವರೆ ಅಂತ ಬರೆದಿದ್ದೆಯಲ್ಲ ಹುಡುಗಿ,
ಗುರುವಾರ ಹತ್ತೂವರೆಗೆ ಸಮುದ್ರ ಎಲ್ಲಿತ್ತು, ಗೊತ್ತೆ?’
ಗೊತ್ತಿರಲಿಲ್ಲ.
‘ಹುಣ್ಣಿಮೆಯ ಮಾರನೆಯ ದಿನ. ನೀರು
ನಾಚಿಕೆ ಬಿಟ್ಟು ದೂರ ಸರಿದಿತ್ತು, ತಳದ ಬಂಡೆಯೆಲ್ಲ ಬತ್ತಲೆ.
ಲೂಗಾ ಪಾಚಿ ಕೀಳಲು ತಿಂಗಳಿಗೆ ನಾಲ್ಕೈದು ದಿನ,
ದಿನಕ್ಕೆ ಎರಡು ಮೂರು ತಾಸು.
ಕೊಳ್ಳುವವನು ದಡದಲ್ಲೇ ತಕ್ಕಡಿ ಹಿಡಿದು ನಿಂತಿರುತ್ತಾನೆ.
ನಿನ್ನ ಡಾಕ್ಟರೂ ತಿಂಗಳಿಗೊಮ್ಮೆ, ನನ್ನ ಇಳಿತವೂ.
ಇಬ್ಬರಲ್ಲಿ ಕಾಸು ಕೊಡುವವರು ಯಾರು, ಹೇಳು.’
‘ಕಣ್ಣು ಕಾಣದೆ ಹೇಗೆ ಕೀಳುತ್ತೀರಿ?’
‘ಪಾದ ಇದೆಯಲ್ಲ.’

ಮೀನುಬಲೆ ಮಾರುವ ಅಂಗಡಿಯಿಂದ
ಭರತ ಇಳಿತದ ಪಟ್ಟಿ ತಂದೆ.
ಕಂಪ್ಯೂಟರಿನ ಪಕ್ಕದ ಗೋಡೆಗೆ, ಅಂಟುಪಟ್ಟಿ ಹಚ್ಚಿ.
‘ಏನಿದು?’ ಅಂದರು ಮೇಲಿನವರು.
‘ಒಂದು ಬಗೆಯ ಪಂಚಾಂಗ.’
ಈಗ ಪರದೆ ಒಂದು ದಿನ ತೋರಿಸಿದರೆ
ನಾನು ಮೊದಲು ಚಂದ್ರನನ್ನು ಕೇಳುತ್ತೇನೆ.
ಒಟಿಲಿಯಾಗೆ ಅಷ್ಟಮಿಯ ಆಸುಪಾಸಿನ ಗುರುವಾರ ಕೊಟ್ಟೆ,
ನೀರು ಅತ್ತ ಇತ್ತ ಅಷ್ಟಾಗಿ ಹೊರಳದ ದಿನ,
ದೋಣಿ ಇಳಿದು ಗುಡ್ಡ ಹತ್ತಲು ಒಂದು ತಾಸು ಸೇರಿಸಿ.

ಆ ಗುರುವಾರ ಬೆಳಗಿನಿಂದ ಗಾಳಿ.
ಎದುರು ಮನೆಯ ಮರದ ಹಲಗೆಗಳು ಕಟಕಟ ಹಲ್ಲು ಕಡಿದವು.
ಬಂದರಿಗೆ ಫೋನು ಮಾಡಲು ಹೋಗಲಿಲ್ಲ.
ಒಟಿಲಿಯಾ ಮಿಯಲೊಂಕೊ.
ಒಟಿಲಿಯಾ ಮಿಯಲೊಂಕೊ.
ಒಟಿಲಿಯಾ.
ಮೊಹರು ಕೈಯಲ್ಲೇ ಇತ್ತು, ಶಾಯಿ ಒಣಗುತ್ತಿತ್ತು.
ನಾಲ್ಕನೆಯ ಸಲ ಕೂಗಿದೆ, ನಿಯಮದಲ್ಲಿಲ್ಲ.

ಬೆಂಚಿನ ತುದಿಯಲ್ಲಿ ಒಬ್ಬ ತಲೆಯೆತ್ತಿದ.
ಅವನ ಹೆಸರಲ್ಲ ಅದು. ಅವನ ಹೆಸರು
ಇವತ್ತಿನ ಪಟ್ಟಿಯಲ್ಲೇ ಇಲ್ಲ.
ನಿನ್ನೆಯ ದೋಣಿಗೆ ಬಂದಿರಬೇಕು, ರಾತ್ರಿ ಎಲ್ಲಿ ಮಲಗಿದ್ದನೊ,
ಮೊಣಕಾಲ ಮೇಲೆ ಬೆಳ್ಳುಳ್ಳಿ ನಾರುವ ಖಾಲಿ ಗೋಣಿ,
ಒಂದು ಬೂಟಿಗೆ ದಾರ ಕಟ್ಟಿರಲಿಲ್ಲ.
ಮೊಹರು ಕೆಳಗಿಟ್ಟು
ಗಾಜು ಸರಿಸಿ ಕೇಳಿದೆ:
ಯಾವ ಕಾಲು?