ಹಸರು ವೈರು

ದಾಲ್ ಮಿಲ್ಲಿನ ಹಳೇ ಹಲಗಿ, ಜಾಲಿಯ ನಾಕು ಕಾಲು.
ಟೇಬಲ್ಲು ನಾನೇ ಜೋಡಿಸೀನಿ.
ಎಡಕ್ಕ ತುಸು ವಾಲ್ಯದ, ವಾಲಲಿ ಬಿಡು,
ಹೊಲಿಗಿ ಮಷೀನಿಗೆ ಅದರ ರೂಢಿ ಆಗ್ಯದ.

ಇದಕ್ಕೊಂದು ಪ್ಲಗ್ಗು ಕೂಡಿಸಿ ಕೊಡೋ ಅಂದೆ.
ಲಾಡ್ಲೇಸಾಬ ಹಲಗಿ ಬಡದು ನೋಡಿದ
ಕಲ್ಲಂಗಡಿ ಬಡದು ಕೊಳ್ಳೋರ ಹಾಂಗ.
"ಒಣ ಕಟ್ಟಿಗಿ, ಚಂದಮ್ಮಕ್ಕ,
ಕಿಡಿಗೆ ಇದರ ಮ್ಯಾಲ ಭಾಳ ಸಲಿಗಿ.
ಒಳಗ ಕಬ್ಬಿಣದ ಡಬ್ಬಿ ಇರಲಿ,
ತೂತಿನ ಅಂಚಿಗೆ ರಬ್ಬರ್ ಬಳಿ,
ವೈರು ತಿಕ್ಕಿ ಸವೀಬಾರ್ದು."

ಮೇನು ಇಳಿಸಿ ಕುಂತ.
ಕೆಂಪು ಬರೋದು, ಕರೀದು ಹೋಗೋದು.
ಮತ್ತ ಈ ಹಸರು?
"ಏನೂ ಮಾಡಂಗಿಲ್ಲ.
ಒಂದಿನ ಮಾಡ್ತದ."
ಎರಡೇ ಸಾಕಿತ್ತು, ರೊಕ್ಕ ಉಳೀತಿತ್ತು ಅಂದೆ.
ಮಾತಾಡಲಿಲ್ಲ, ಎಡಗೈ ಮುಂದ ಹಿಡದ:
ಎರಡು ಬೆರಳು ಮಡಚಂಗಿಲ್ಲ.

ಗೋಡಿ ಹಿಂದ ಗುಂಡಿ ತೋಡಿ
ಇದ್ದಲಿ, ಉಪ್ಪು, ಮತ್ತ ಇದ್ದಲಿ, ಉಪ್ಪು,
ನಡುವ ತಾಮ್ರದ ತಗಡು ಹುಗದ.
"ಬ್ಯಾಸಗ್ಯಾಗ ಒಣಗಗೊಡಬ್ಯಾಡ್ರಿ. ನೀರು ಹಾಕ್ರಿ."

ಈಗ ಏಪ್ರಿಲ್. ಕಲಬುರಗಿಯ ಫರಸಿ
ಏಳು ಗಂಟೆಗೇ ಅಂಗಾಲು ಸುಡ್ತದ.
ತಂಬಿಗಿ ಒಯ್ದು ಸುರೀತೀನಿ
ಬರೇ ಮಣ್ಣಿಗೆ.
ಮಗ್ಗಲ ಮನಿ ಹುಡುಗಿ ಗೋಡಿ ಮ್ಯಾಲಿಂದ ಇಣುಕಿ
"ಆಯಿ, ಯಾವ ಗಿಡ ಹಚ್ಚೀದಿ?
ಇನ್ನಾ ಮೊಳಕೀನೇ ಬಂದಿಲ್ಲಲ್ಲ?"

ಬರೋದೂ ಬ್ಯಾಡವ್ವ, ಅಂತೀನಿ.
ಒಳಗ ಮಷೀನು ಕಾಯ್ಲಾಕತ್ಯದ.
ರಾಣಿ ಬಣ್ಣದ ಜಂಪರು,
ಒಂದು ತೋಳು ಇನ್ನಾ ಬಾಕಿ,
ಸಂಜಿಗೆ ಕೊಡಬೇಕು.